ಬರೆ ಪಕ್ಕದ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗುಡ್ಡ ಕಡಿದು ಸಮ ಮಾಡಿದ 15 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಬೇಕೆಂದಿದ್ದೇವೆ. ಹಿಂದೆ ಜೆಸಿಬಿಯಲ್ಲಿ ನೇರ ಕಡಿದ 10 ಅಡಿ ಬರೆ (ಗುಡ್ಡದ ಕಡಿದ ಬದಿ) ಇದೆ. 4 ಅಡಿ ಬಿಟ್ಟು, ಬರೆಗೆ ಸೈಜುಗಲ್ಲಿನ ಗೋಡೆ ಕಟ್ಟಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. 2022ರಲ್ಲಿ ಭೂಮಿ ನಡುಗಿದಾಗಿನಿಂದ ನಮಗೆ ಹೆದರಿಕೆ.
– ಸಂಪಾಜೆ ಕಡೆಯ ಓದುಗರು

ಉತ್ತರ: 2022ರ ಜೂನ್ ಕೊನೆಯಲ್ಲಿ ನಿಮ್ಮ ಕಡೆ ಆದವು ಸಣ್ಣ ಕಂಪನಗಳು, ತೀವ್ರತೆ 4ನ್ನೂ ಮುಟ್ಟಲಿಲ್ಲ. ನಿಮ್ಮ ಬರೆಗೆ ಅದಕ್ಕಿಂತ ದೊಡ್ಡ ಶತ್ರು ಆಗಸ್ಟ್ ಮಳೆ. 2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಗುಡ್ಡ ಜಾರಿದ್ದೂ ಮಳೆಗೇ.

ನಾಲ್ಕು ಅಡಿ ಏನೇನೂ ಸಾಲದು. ಸರಿಯಾದ ತಡೆಗೋಡೆ ಇದ್ದರೂ ಬರೆಯ ಎತ್ತರದ ಅರ್ಧದಷ್ಟು, ಅಂದರೆ 5 ಅಡಿ ಬಿಡಲೇಬೇಕು. ಗೋಡೆ ಇಲ್ಲದ ಹಸಿ ಬರೆಯಾದರೆ ಪೂರ್ತಿ 10 ಅಡಿ ಬಿಡಿ. ಆ ಬದಿಯಲ್ಲಿ ಮಲಗುವ ಕೋಣೆ ಬೇಡ.

ಇನ್ನು ಗೋಡೆಯ ವಿಚಾರ. 10 ಅಡಿ ಗೋಡೆಯ ಹಿಂದೆ ಮಣ್ಣು ಒಣಗಿದ್ದಾಗ ಮೀಟರ್ ಉದ್ದಕ್ಕೆ ಸುಮಾರು ಎರಡೂವರೆಯಿಂದ ಮೂರು ಟನ್ ಒತ್ತಡ. ನೀರು ತಲೆಯವರೆಗೆ ನಿಂತರೆ ಅದು ದುಪ್ಪಟ್ಟು. ಜುಲೈವರೆಗೆ ಗಟ್ಟಿಯಾಗಿ ನಿಂತ ಗೋಡೆ ಒಂದು ರಾತ್ರಿಯಲ್ಲಿ ಮಗುಚುವುದು ಹೀಗೆ. ಆದ್ದರಿಂದ ಕಲ್ಲಿಗಿಂತ ಮೊದಲು ನೀರಿಗೆ ದಾರಿ ಮಾಡಿ. ಗೋಡೆಯಲ್ಲಿ 3 ಇಂಚಿನ ಪಿವಿಸಿ ಪೈಪನ್ನು 5 ಅಡಿಗೊಂದರಂತೆ, ಸಾಲು ಸಾಲಿಗೆ ಎಡಬಲ ತಪ್ಪಿಸಿ, ಹೊರಕ್ಕೆ ಇಳಿಜಾರಾಗಿ ಇಡಿ. ಕೆಳಸಾಲು ನೆಲದಿಂದ ಅರ್ಧ ಅಡಿ ಮೇಲಿರಲಿ. ಗೋಡೆಯ ಹಿಂದೆ 1 ಅಡಿ ದಪ್ಪಕ್ಕೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆಯ ಖರ್ಚು ಉಳಿಸಲು ಹೋದರೆ ಎರಡು ಮಳೆಗಾಲದಲ್ಲಿ ಜಲ್ಲಿಯ ಸಂದೆಲ್ಲ ಕೆಸರು ತುಂಬಿ ಪೈಪು ಬರೀ ಅಲಂಕಾರವಾಗುತ್ತದೆ. ಗೋಡೆಯ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚಿರಬೇಕು, 6 ಅಡಿ ಇಟ್ಟುಕೊಳ್ಳಿ. ಕರಾವಳಿ ಬದಿಯ ಶೇಡಿ ಮಣ್ಣಾದರೆ (ಮುರಕಲ್ಲಿನ ಅಡಿಯ ಮೆದು ಜೇಡಿಮಣ್ಣು) ನೆನೆದೊಡನೆ ಬಲ ಕಳೆದುಕೊಳ್ಳುತ್ತದೆ. ಅಲ್ಲಿ ಎಂಜಿನಿಯರ್ ಲೆಕ್ಕವಿಲ್ಲದೆ ಕೈಹಾಕಬೇಡಿ.

ಬರೆಯ ತಲೆಯಿಂದ 6–8 ಅಡಿ ಹಿಂದೆ ಕಾಂಕ್ರೀಟ್ ಚರಂಡಿಯೂ ಬೇಕು. ಬರೀ ಮಣ್ಣಿನ ಚರಂಡಿ ತೋಡಿದರೆ ನೀವೇ ಗುಡ್ಡಕ್ಕೆ ನೀರು ಕುಡಿಸಿದಂತೆ. ಲಾವಂಚವನ್ನು ಮಳೆಗಾಲದ ಮೊದಲ ವಾರಗಳಲ್ಲಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿಗೂ ಕಡಿಮೆ ಅಂತರದಲ್ಲಿ, ಇಳಿಜಾರಿಗೆ ಅಡ್ಡಲಾಗಿ ನೆಡಿ. ಮೇಲ್ಮಣ್ಣಿನ ಸವಕಳಿ ನಿಲ್ಲುತ್ತದೆ. ಆಳದ ಕುಸಿತ ನಿಲ್ಲುವುದಿಲ್ಲ.

ಪ್ರಶ್ನೆ: ಗುಡ್ಡ ಕಡಿಯದೆ ಇಳಿಜಾರಿನಲ್ಲೇ ಪಿಲ್ಲರ್ ಎಬ್ಬಿಸಿ ಕಟ್ಟಿದರೆ ಭೂಕಂಪಕ್ಕೆ ಒಳ್ಳೆಯದೇ?
– ಮೂಡಿಗೆರೆಯಿಂದ ಒಬ್ಬರು

ಉತ್ತರ: ಗುಡ್ಡಕ್ಕೆ ಒಳ್ಳೆಯದು, ಮನೆಗೆ ಎಚ್ಚರ ಬೇಕು. ಮೇಲ್ಬದಿಯ ಪಿಲ್ಲರ್ 5 ಅಡಿ, ಕೆಳಬದಿಯದು 10 ಅಡಿ ಎಂದುಕೊಳ್ಳಿ. ದಪ್ಪ ಒಂದೇ ಆದರೂ ಗಿಡ್ಡ ಪಿಲ್ಲರಿನ ಬಿಗುವು ಎಂಟು ಪಟ್ಟು. ನೆಲ ಅಲುಗಿದಾಗ ಅದೇ ಹೆಚ್ಚಿನ ಹೊರೆಯನ್ನೆಲ್ಲ ಎಳೆದುಕೊಂಡು ಓರೆಯಾಗಿ ಸೀಳುತ್ತದೆ. 12 ಇಂಚಿನ ಗಿಡ್ಡ ಪಿಲ್ಲರಿಗೆ ಬುಡದಿಂದ ತುದಿಯವರೆಗೂ 3 ಇಂಚಿಗೊಂದು ರಿಂಗ್ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿ) ಕಟ್ಟಿಸಿ. ನಮ್ಮಲ್ಲಿ ಸಾಮಾನ್ಯವಾಗಿ ರಿಂಗಿನ ತುದಿಯನ್ನು 90 ಡಿಗ್ರಿಗೆ ಮಡಚಿ ಬಿಡುತ್ತಾರೆ. ಹೊರಗಿನ ಕಾಂಕ್ರೀಟ್ ಉದುರಿದೊಡನೆ ಅದು ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ ಬಗ್ಗಿಸಿ, ತುದಿ ಪಿಲ್ಲರಿನ ಒಳಗೆ ಹೋಗುವಂತಿರಬೇಕು. ಕಾಂಕ್ರೀಟ್ ಹಾಕುವ ಮುನ್ನ ನೀವೇ ನಿಂತು ನೋಡಿ. ಎಲ್ಲ ಪಿಲ್ಲರುಗಳನ್ನೂ ಎರಡೂ ದಿಕ್ಕಿನಲ್ಲಿ ಬೀಮಿನಿಂದ ಬಿಗಿಯಿರಿ. ಪಾಯದ ಕೆಳ ಅಂಚಿನಿಂದ ಇಳಿಜಾರಿನ ಮೇಲ್ಮೈಗೆ ಅಡ್ಡಡ್ಡ ಅಂತರ ಮಣ್ಣಿನಲ್ಲಿ ಕನಿಷ್ಠ 3 ಅಡಿ ಇರಬೇಕು.

ಪ್ರಶ್ನೆ: ನಮ್ಮ ಮನೆ 12 ಅಡಿ ಬರೆಯ ಮೇಲಿದೆ. ಅಂಗಳದಲ್ಲಿ ಇಂಗುಗುಂಡಿ ತೋಡಬಹುದೇ?
– ಮಡಿಕೇರಿಯ ಓದುಗರು

ಉತ್ತರ: ಬೇಡ. ಶೌಚದ ಸೋಕ್ ಪಿಟ್ ಕೂಡ ಅಲ್ಲಿ ಬೇಡ. 1000 ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗೂ ಹೆಚ್ಚು ನೀರು. ಅದನ್ನು ಪೈಪಿನಲ್ಲೇ ಇಳಿಸಿ ತೋಡಿಗೆ (ಹಳ್ಳಕ್ಕೆ) ಬಿಡಿ. ಮನೆಯ ಪಾಯವೂ ಬರೆಯ ಅಂಚಿನಿಂದ 16 ಅಡಿ ಹಿಂದಿರಬೇಕಿತ್ತು: ಬುಡದಿಂದ 45 ಡಿಗ್ರಿ ಗೆರೆ ಎಳೆದರೆ 12 ಅಡಿ, ಅದರಾಚೆ ಎತ್ತರದ ಮೂರನೇ ಒಂದು ಭಾಗ. ಅಷ್ಟಿಲ್ಲದಿದ್ದರೆ ಅಂಗಳದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಬಂದಿದೆಯೇ ನೋಡುತ್ತಿರಿ. ಬಂದರೆ ಮೊದಲು ಮನೆ ಖಾಲಿ ಮಾಡಿ. ಮಳೆ ಬಿಟ್ಟು ನೆಲ ನಿಂತಿದೆ ಎಂದು ತಿಳಿದವರು ಹೇಳಿದ ಮೇಲೆಯೇ ಬಿರುಕಿಗೆ ಜೇಡಿಮಣ್ಣು ದಮ್ಮಸ್ಸು ಮಾಡಿ ಟಾರ್ಪಾಲು ಹೊದಿಸಿ.