ಸುಮೋ ಕೂತ ಜಾಗವನ್ನು ತೋರಿಸಿ

ಆತ್ಮೀಯರೇ, ನಮಸ್ಕಾರ.

ಬೇರೆ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಸುಮೋ ಎಂಬ ಪುಟ್ಟ ಪ್ರೋಟೀನಿನ ಬಗ್ಗೆ ತೀರ್ಥಹಳ್ಳಿಯಿಂದ ನೀವು ಕಳುಹಿಸಿದ ‘ಯೀಸ್ಟ್ ಕೋಶದಲ್ಲಿ ಸುಮೋ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡುವ ಬರಹವೂ ಇದಲ್ಲ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳನ್ನು ತೆಗೆದುಬಿಡಿ. ಸೃಷ್ಟಿಯ ವಿಸ್ಮಯವನ್ನು ಕೊಂಡಾಡಿ ಮುಗಿಸುವ ಹೊತ್ತಿಗೆ ಓದುಗರು ಬೇರೆ ಪುಟಕ್ಕೆ ಹೋಗಿರುತ್ತಾರೆ.

ಮೂರನೆಯ ಪುಟದಲ್ಲಿ ‘ಸುಮೋ ಅಂಟಿತೆಂದರೆ ಆ ಪ್ರೋಟೀನಿನ ಹಣೆಬರಹ ಮುಗಿಯಿತು’ ಎಂದಿದ್ದೀರಿ. ಇದು ತಪ್ಪು. ಅದು ಯುಬಿಕ್ವಿಟಿನ್ ಎಂಬ ಇನ್ನೊಂದು ಪುಟ್ಟ ಪ್ರೋಟೀನಿನ ಕೆಲಸ. ಯುಬಿಕ್ವಿಟಿನ್‌ಗಳು ತಮ್ಮ 48ನೆಯ ಅಮೈನೋ ಆಮ್ಲವಾದ ಲೈಸಿನ್ ಮೂಲಕ ಒಂದಕ್ಕೊಂದು ಕೂಡಿ ಸರಪಳಿಯಾದರೆ ಪ್ರೋಟೀನು ಕೋಶದ ಚೂರುಯಂತ್ರವಾದ ಪ್ರೋಟಿಯಸೋಮ್‌ಗೆ ಹೋಗಿ ಚೂರಾಗುತ್ತದೆ. 2004ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಯುಬಿಕ್ವಿಟಿನ್ ಬಗೆಗಿನ ಶೋಧಕ್ಕೆ. ಯೀಸ್ಟ್‌ನಲ್ಲಿ ಎಸ್‌ಎಂಟಿ3 ಎಂದು ಕರೆಯುವ ಸುಮೋ ಅದರ ದಾಯಾದಿ. ಅದು ಬಂದು ಕೂತರೆ ಹೆಚ್ಚಾಗಿ ಪ್ರೋಟೀನಿನ ಒಡನಾಟ ಬದಲಾಗುತ್ತದೆ. ಹಣೆಬರಹವನ್ನು ಅಳಿಸಲಾಗದು, ಸುಮೋವನ್ನು ಯುಎಲ್‌ಪಿ1 ಎಂಬ ಕಿಣ್ವ ಕತ್ತರಿಸಿ ತೆಗೆಯುತ್ತದೆ. ನಿಮ್ಮ ತೋಟದಲ್ಲಿ ಮಳೆಗೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದನ್ನು ನೋಡಿರುತ್ತೀರಿ. ಮರಕ್ಕೆ ಕಟ್ಟುವುದಿಲ್ಲ, ಗೊನೆಗೇ ಕಟ್ಟುತ್ತಾರೆ. ಕಾಲ ಮುಗಿದ ಮೇಲೆ ಬಿಚ್ಚುತ್ತಾರೆ. ಈ ಹೋಲಿಕೆ ನಿಮ್ಮ ಕೈಯಲ್ಲೇ ಇತ್ತು.

ಸುಮೋ ಕೂರುವ ಜಾಗದ ವಿಷಯಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ: ನೀರನ್ನು ಒಲ್ಲದ ದೊಡ್ಡ ಅಮೈನೋ ಆಮ್ಲ, ಅದರ ಪಕ್ಕ ಲೈಸಿನ್, ಒಂದು ಬಿಟ್ಟು ಗ್ಲುಟಾಮಿಕ್ ಅಥವಾ ಆಸ್ಪಾರ್ಟಿಕ್ ಆಮ್ಲ, ಈ ಸಾಲು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಸುಮೋ. ಸುಮೋವನ್ನು ಅಂಟಿಸುವ ಯುಬಿಸಿ9 ಎಂಬ ಕಿಣ್ವ ಈ ಜೋಡಣೆಯನ್ನು ಗುರುತಿಸುವುದು ನಿಜ, ‘ಅಲ್ಲೆಲ್ಲ’ ಎಂಬುದು ನಿಜವಲ್ಲ. ಪ್ರೋಟೀನು ಮಡಚಿಕೊಂಡಾಗ ಒಳಗೆ ಹುದುಗಿದ ಲೈಸಿನ್ ಕಿಣ್ವದ ಕೈಗೆ ಸಿಗುವುದಿಲ್ಲ. ಡಿಎನ್‌ಎ ನಕಲಾಗುವಾಗ ಅದರ ಸುತ್ತ ಉಂಗುರದಂತೆ ಕೂರುವ ಪಿಸಿಎನ್‌ಎ ಎಂಬ ಪ್ರೋಟೀನನ್ನು ನೋಡಿ. ಅದರ 127ನೆಯ ಲೈಸಿನ್ ನಿಮ್ಮ ನಿಯಮಕ್ಕೆ ಸರಿಹೊಂದುತ್ತದೆ, 164ನೆಯದು ಹೊಂದುವುದಿಲ್ಲ. ಆದರೂ 164ರಲ್ಲೇ ಸುಮೋ ಮುಖ್ಯವಾಗಿ ಕೂರುತ್ತದೆ. ಡಿಎನ್‌ಎಗೆ ಪೆಟ್ಟುಬಿದ್ದರೆ ಯುಬಿಕ್ವಿಟಿನ್ ಬಂದು ಸೇರುವುದೂ ಅದೇ ಲೈಸಿನ್‌ಗೆ. ಒಂದೇ ಪೀಠಕ್ಕೆ ಇಬ್ಬರು! ಇದನ್ನು ಹೇಗೆ ಬಿಟ್ಟಿರಿ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಮ್ಮ ಐದನೆಯ ಪುಟದ ಮೂಲೆಯಲ್ಲಿದೆ. ಯೀಸ್ಟ್‌ನ ತಾಯಿಕೋಶದಿಂದ ಮರಿಕೋಶ ಮೊಗ್ಗಿನಂತೆ ಮೂಡುವಾಗ ನಡುವಿನ ಕುತ್ತಿಗೆಯಲ್ಲಿ ಸೆಪ್ಟಿನ್ ಪ್ರೋಟೀನುಗಳ ಉಂಗುರವಿರುತ್ತದೆ. ಕೋಶ ವಿಭಜನೆಯ ಹೊತ್ತಿಗೆ ಸುಮೋ ಆ ಸೆಪ್ಟಿನ್‌ಗಳಿಗೆ ಸೇರುತ್ತದೆ, ಅದೂ ತಾಯಿಯ ಬದಿಯಲ್ಲಿ ಮಾತ್ರ. ಎರಡೂ ಬೇರೆಯಾಗುವಾಗ ಥಟ್ಟನೆ ಮಾಯವಾಗುತ್ತದೆ. 1999ರಲ್ಲಿ ಇದನ್ನು ವರದಿ ಮಾಡಿದವರು ಸುಮೋ ಕೂರುವ ಲೈಸಿನ್‌ಗಳನ್ನು ಆರ್ಜಿನೀನ್ ಎಂಬ ಅಮೈನೋ ಆಮ್ಲಕ್ಕೆ ಬದಲಿಸಿದರು. ವಿದ್ಯುದಂಶ ಹಾಗೆಯೇ ಉಳಿಯುತ್ತದೆ, ಸುಮೋ ಹಿಡಿಯಲು ಮಾತ್ರ ಎಡೆಯಿಲ್ಲ. ಆಗ ಹಿಂದಿನ ವಿಭಜನೆಯ ಹಳೆಯ ಉಂಗುರಗಳು ಕಳಚದೆ ಕೋಶದಲ್ಲೇ ಉಳಿದವು. ಜಾಗವನ್ನು ಪತ್ತೆಮಾಡುವ ಬಗೆ, ಆ ಜಾಗದ ಮಹತ್ವ, ಎರಡೂ ಈ ಒಂದು ಪ್ರಯೋಗದಲ್ಲಿವೆ. ನೀವು ಅದನ್ನು ಎರಡು ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ.

ಲೇಖನವನ್ನು ಆ ಕುತ್ತಿಗೆಯಿಂದಲೇ ಆರಂಭಿಸಿ. ಜೊತೆಗೆ ತಾಯಿ, ಮೊಗ್ಗು, ಒಂದು ಬದಿಯಲ್ಲಷ್ಟೇ ಸುಮೋ ಇರುವ ಉಂಗುರ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಕಳುಹಿಸಿ. ಅಚ್ಚಿಗೆ ತಕ್ಕಂತೆ ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಕಳುಹಿಸಿದರೂ ಸಾಕು, ಅಲ್ಲಿಯವರೆಗೆ ಪುಟ ಕಾದಿಟ್ಟಿರುತ್ತೇನೆ.

ಸಂಪಾದಕ, ಶಿವಮೊಗ್ಗ