ಮಗ ಗಾಲ್ಫ್‌ಗೆ ಕರೆದಿದ್ದಾನೆ, ಹೋಗಲಾ?

ಪ್ರಶ್ನೆ: ನನಗೆ 56 ವರ್ಷ, ಮಗನಿಗೆ 23. ಒಂದೇ ಮನೆಯಲ್ಲಿದ್ದರೂ ನಮ್ಮ ಮಾತು ‘ಊಟ ಆಯ್ತಾ’, ‘ಗಾಡಿ ಸರ್ವಿಸ್ ಮಾಡಿಸಿದ್ಯಾ’ ಅನ್ನುವಲ್ಲಿಗೆ ಮುಗಿಯುತ್ತದೆ. ಅವನ ಆಫೀಸಿನವರು ಬಡ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಒಂದು ದಿನ ಗಾಲ್ಫ್ ಇಟ್ಟುಕೊಂಡಿದ್ದಾರೆ. ಅಪ್ಪ-ಮಗ ಜೋಡಿಯಾಗಿ ಆಡಬಹುದಂತೆ. ‘ಬರ್ತೀಯಾ ಅಪ್ಪಾ’ ಅಂತ ಕೇಳಿದ. ಅವನು ಎರಡು ವರ್ಷದಿಂದ ಆಡುತ್ತಿದ್ದಾನೆ, ನಾನು ಆ ಕೋಲು ಮುಟ್ಟಿಯೂ ಇಲ್ಲ. ಅವನ ಜೊತೆಯವರ ಎದುರು ಅವನ ಮರ್ಯಾದೆ ಕಳೆದುಬಿಡ್ತೀನೇನೋ ಅಂತ ಭಯ. ಏನಾದರೂ ನೆಪ ಹೇಳಲಾ?

ಉತ್ತರ: ದಯವಿಟ್ಟು ಹೇಳಬೇಡಿ. ನಿಮಗೆ ಆಡಲು ಬರಲ್ಲ ಅಂತ ಅವನಿಗೆ ಗೊತ್ತು, ಗೊತ್ತಿದ್ದೇ ಕರೆದಿದ್ದಾನೆ. 23ರ ಹುಡುಗ ತನ್ನ ಸ್ನೇಹಿತರ ನಡುವೆ ಅಪ್ಪನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದಾನಲ್ಲ, ಅದನ್ನು ಇನ್ನೊಂದು ಸಲ ಯೋಚಿಸಿ ನೋಡಿ.

ಆಟದ ಭಯಕ್ಕೆ ಬರೋಣ. ಇಂಥ ಚಾರಿಟಿ ದಿನಗಳಲ್ಲಿ ಬಹಳ ಕಡೆ ‘ಸ್ಕ್ರ್ಯಾಂಬಲ್’ ಅನ್ನುವ ರೀತಿಯಲ್ಲಿ ಆಡಿಸುತ್ತಾರೆ, ನಿಮ್ಮಲ್ಲೂ ಅದೇನಾ ಅಂತ ಮಗನನ್ನು ಕೇಳಿ. ಇಬ್ಬರೂ ಹೊಡೀತೀರಿ, ಯಾರ ಚೆಂಡು ಒಳ್ಳೆಯ ಜಾಗದಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಇಬ್ಬರೂ ಮತ್ತೆ ಹೊಡೀತೀರಿ, ಗುಳಿಗೆ ಬೀಳುವವರೆಗೂ ಹೀಗೇ. ನಿಮ್ಮ ಚೆಂಡು ಪೊದೆಯೊಳಗೆ ಹೋಯ್ತಾ? ಎತ್ತಿಕೊಂಡು ಮಗನ ಚೆಂಡಿನ ಹತ್ತಿರ ನಡೆಯಿರಿ, ಅಷ್ಟೇ. ಹಸಿರು ಹಾಸಿನ ಮೇಲೆ ಮೆಲ್ಲಗೆ ತಳ್ಳುವ ಪಟ್ ಬಂದಾಗ ಮಾತ್ರ ನೀವೇ ಮೊದಲು ಆಡಿ. ಬಿದ್ದರೆ ಸಂತೋಷ. ಬೀಳದಿದ್ದರೂ ಚೆಂಡು ಯಾವ ಕಡೆ ವಾಲುತ್ತದೆ ಅಂತ ನೋಡಿಕೊಂಡು ಮಗ ಸರಿಯಾಗಿ ಆಡ್ತಾನೆ. ಕಲಿಯದವರೂ ಜೋಡಿಗೆ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಅದು.

ಅಮೆರಿಕದಲ್ಲಿ 1995ರಲ್ಲಿ ಅಪ್ಪ-ಮಗ ಜೋಡಿಗಳಿಗಾಗಿಯೇ ಒಂದು ಟೂರ್ನಿ ಶುರುವಾಯಿತು, ಈಗ ಅದಕ್ಕೆ ಪಿಎನ್‌ಸಿ ಚಾಂಪಿಯನ್‌ಶಿಪ್ ಅಂತ ಹೆಸರು. ಅಲ್ಲೂ ಸ್ಕ್ರ್ಯಾಂಬಲ್ಲೇ. 2020ರಲ್ಲಿ ಟೈಗರ್ ವುಡ್ಸ್ 11 ವರ್ಷದ ಮಗ ಚಾರ್ಲಿ ಜೊತೆ ಆಡಿದ್ದು ಅಲ್ಲೇ. ಇಷ್ಟು ದೊಡ್ಡ ಆಟಗಾರನೂ ಒಬ್ಬ ಹುಡುಗನೂ ಒಂದೇ ಜೋಡಿಯಾಗಿ ಆಡಬಹುದಾದರೆ ನೀವಿಬ್ಬರು ಆಡೋಕೇನು?

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತು. 18 ಹೋಲ್, ಅಂದರೆ 18 ಗುಳಿಗಳ ಪೂರ್ತಿ ಆಟ ಮುಗಿಸಲು ನಾಲ್ಕೈದು ಗಂಟೆ ಬೇಕು, ಅದರಲ್ಲಿ ಚೆಂಡು ಹೊಡೆಯುವ ಹೊತ್ತು ತೀರಾ ಕಡಿಮೆ, ಉಳಿದದ್ದೆಲ್ಲ ನಡೆಯುವುದು, ಮುಂದಿನವರು ಆಡಿ ಮುಗಿಸಲಿ ಅಂತ ಕಾಯುವುದು, ಕಳೆದುಹೋದ ಚೆಂಡು ಹುಡುಕುವುದು. ಎದುರುಬದುರು ಕೂತರೆ ಅಪ್ಪ-ಮಗನಿಗೆ ಮಾತು ಹೊರಡೋದು ಕಷ್ಟ ಅಲ್ವಾ? ಪಕ್ಕಪಕ್ಕ ನಡೆಯುವಾಗ ಹಾಗಿಲ್ಲ. ನನ್ನ ಅಪ್ಪ ತಾವು ಮೊದಲ ಕೆಲಸ ಕಳೆದುಕೊಂಡ ವಿಷಯ ಹೇಳಿದ್ದು ಒಂದು ಸಂಜೆಯ ವಾಕಿಂಗ್‌ನಲ್ಲಿ, ಅಲ್ಲಿಯವರೆಗೂ ಮನೆಯೊಳಗೆ ಒಂದು ದಿನವೂ ಆ ಮಾತು ಬಂದಿರಲಿಲ್ಲ. ಆದರೆ ಒಂದು, ಆವತ್ತು ಸಂಬಳ, ಮದುವೆ ಎರಡನ್ನೂ ನೀವಾಗಿ ತೆಗೆಯಬೇಡಿ. ಅವನೇ ತೆಗೆದರೆ ಸುಮ್ನೆ ಕೇಳಿ.

ಆ ದಿನಕ್ಕೂ ಮುಂಚೆ ಒಂದೆರಡು ಸಲ ಡ್ರೈವಿಂಗ್ ರೇಂಜ್‌ಗೆ, ಅಂದರೆ ಗಾಲ್ಫ್ ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ ಹೋಗಿ. ‘ಹಿಡಿಯೋದು ಹೇಗೆ ತೋರಿಸು’ ಅಂತ ಅವನನ್ನೇ ಕೇಳಿ, ಬೇರೆ ಕೋಚ್ ಬೇಡ. ಇಷ್ಟು ವರ್ಷ ನೀವು ಹೇಳಿಕೊಟ್ಟಿರಿ, ಈಗ ಅವನು ಹೇಳಿಕೊಡಲಿ. ಚಿಕಿತ್ಸೆಯ ಹಣಕ್ಕೆ ನಿಮ್ಮ ಪಾಲು ನೀವೇ ಕೊಡಿ, ಎಷ್ಟಾದರೂ ಸರಿ.

ಪ್ರಶ್ನೆ: ಅಪ್ಪ ಬಹಳ ವರ್ಷದಿಂದ ಗಾಲ್ಫ್ ಆಡುತ್ತಾರೆ. ಈಚೆಗೆ ನಾನು ಗೆದ್ದರೆ ಅವರ ಮುಖ ಸಪ್ಪಗಾಗುತ್ತದೆ. ಮುಂದಿನ ತಿಂಗಳ ಚಾರಿಟಿ ಆಟದಲ್ಲಿ ಬೇಕಂತಲೇ ಸೋಲಲಾ?

ಉತ್ತರ: ಬೇಡ, ಅಷ್ಟು ವರ್ಷ ಆಡಿದವರಿಗೆ ಅದು ಗೊತ್ತಾಗದೆ ಇರುತ್ತಾ? ಗೊತ್ತಾದರೆ ಜಾಸ್ತಿ ನೋವು. ಸ್ಕಾಟ್ಲೆಂಡಿನ ಟಾಮ್ ಮಾರಿಸ್ ಓಪನ್ ಚಾಂಪಿಯನ್‌ಶಿಪ್ ಅನ್ನುವ ದೊಡ್ಡ ಗಾಲ್ಫ್ ಟೂರ್ನಿಯನ್ನು ನಾಲ್ಕು ಸಲ ಗೆದ್ದವರು, ಕೊನೆಯದು 1867ರಲ್ಲಿ. ಮರುವರ್ಷವೇ ಅವರ 17 ವರ್ಷದ ಮಗ ಗೆದ್ದ, ಅವನ ಹೆಸರೂ ಟಾಮ್. 1869ರಲ್ಲಿ ಮಗ ಮತ್ತೆ ಮೊದಲು, ಅಪ್ಪ ಎರಡನೆಯವರು. ಅದಾದ ಮೇಲೂ ಅಪ್ಪ-ಮಗ ಒಂದೇ ಜೋಡಿಯಾಗಿ ಬೇರೆಯವರ ಮೇಲೆ ಪಂದ್ಯ ಆಡಿದರು. ನೀವೂ ಅದನ್ನೇ ಮಾಡಿ. ಇಬ್ಬರನ್ನೂ ಒಂದೇ ಜೋಡಿಗೆ ಹಾಕಿ ಅಂತ ನಡೆಸುವವರಿಗೆ ಈಗಲೇ ಫೋನ್ ಮಾಡಿ, ಹೆಸರು ಕೊಡುವಾಗ ಅಪ್ಪನ ಹೆಸರು ಮೊದಲು ಬರೆಸಿ.