ಮನೆಯಲ್ಲಿ ಗೋಸುಂಬೆ ಸಾಕಬಹುದಾ? ಕೈಗೆ ಒಗ್ಗುತ್ತಾ?

ಹೆಗಲ ಮೇಲೆ ಗೋಸುಂಬೆ ಕೂರಿಸಿಕೊಂಡು ಓಡಾಡುವವರ ವಿಡಿಯೋ ನೋಡಿ ನಿಮಗೂ ಒಂದನ್ನು ತರುವ ಆಸೆಯಾಗಿದೆ. ಮೀನಿಗೆ ಅಂತ ತಂದ ಚಿಕ್ಕ ಗಾಜಿನ ಪೆಟ್ಟಿಗೆ ಖಾಲಿ ಇದೆ, ಅದು ಸಾಕಾಗುತ್ತಾ, ಎಷ್ಟು ದಿನಕ್ಕೆ ಕೈಗೆ ಒಗ್ಗುತ್ತೆ ಅಂತ ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ವೇಲ್ಡ್ ಜಾತಿಯ ಗೋಸುಂಬೆ ಸಾಕುತ್ತಿದ್ದೇನೆ. ಯೆಮನ್, ಸೌದಿ ಕಡೆಯದು, ತಲೆಯ ಮೇಲೆ ಎತ್ತರದ ಜುಟ್ಟು ಇರುತ್ತದಲ್ಲ, ಅದು. ಸಾಕಬಹುದು. ಆದರೆ ಎತ್ತಿ ಆಡಿಸುವುದಕ್ಕಲ್ಲ, ನೋಡಿ ಖುಷಿಪಡುವುದಕ್ಕೆ. ಇದು ನಿಮಗೆ ಒಪ್ಪಿಗೆಯಾದರೆ ಮಾತ್ರ ತನ್ನಿ.

ಗೋಸುಂಬೆ ಒಂಟಿಯಾಗಿ ಬದುಕುವ ಜೀವಿ. ಇನ್ನೊಂದು ಗೋಸುಂಬೆ ಕಣ್ಣಿಗೆ ಬಿದ್ದರೆ ಸಾಕು, ಅದಕ್ಕೆ ಆತಂಕ. ಗಾಜಿನಲ್ಲಿ ತನ್ನದೇ ಬಿಂಬ ಕಂಡರೂ ಅಷ್ಟೇ. ಹಾಗಾಗಿ ಜೊತೆಗಿರಲಿ ಅಂತ ಎರಡನ್ನು ಒಂದೇ ಗೂಡಿನಲ್ಲಿ ಇಡಲೇಬೇಡಿ. ಮೇಲಿನಿಂದ ಇಳಿದು ಬರುವ ಕೈ ಅದರ ಪಾಲಿಗೆ ಬೇಟೆಗೆ ಬಂದ ಹಕ್ಕಿ. ಮೈ ಚಪ್ಪಟೆ ಮಾಡಿಕೊಂಡು, ಗಂಟಲು ಉಬ್ಬಿಸಿ, ಬಾಯಿ ತೆರೆದು ಬುಸ್ ಅನ್ನುತ್ತದೆ. ಕೆಲವು ಕ್ರಮೇಣ ನಿಮ್ಮ ಕೈಯಿಂದಲೇ ಹುಳ ತಿನ್ನುವಷ್ಟು ಧೈರ್ಯ ಮಾಡುತ್ತವೆ. ಅದನ್ನೇ ದೊಡ್ಡ ಸ್ನೇಹ ಅಂದುಕೊಳ್ಳಿ. ಬೆನ್ನು ಸವರಿದರೆ ಇಷ್ಟಪಡುತ್ತೆ ಅನ್ನುವುದು ಮಾತ್ರ ಸುಳ್ಳು.

ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳಲು ಅದು ಬಣ್ಣ ಬದಲಿಸುತ್ತೆ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆದರೆ ಬದಲಾವಣೆಗೆ ಮುಖ್ಯ ಕಾರಣ ಭಯ, ಸಿಟ್ಟು, ಎದುರಾಳಿ, ಮೈಯ ಬಿಸಿ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯ ಚರ್ಮ ಪರೀಕ್ಷಿಸಿ ಇದು ಹೇಗೆ ನಡೆಯುತ್ತದೆ ಅಂತ ತೋರಿಸಿದರು. ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳಿವೆ. ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಕಾಣುವ ಬಣ್ಣವೂ ಬದಲಾಗುತ್ತದೆ. ಸಾಕುವವರಿಗೆ ಈ ಬಣ್ಣವೇ ದಿನದ ವರದಿ. ಬೆಳಿಗ್ಗೆ ಬಿಸಿ ಕಾಯಿಸುವಾಗ ಮೈ ಗಾಢವಾಗಿದ್ದರೆ ಚಿಂತೆ ಬೇಡ, ಶಾಖ ಹೀರುತ್ತಿದೆ. ಇಡೀ ದಿನ ಕಪ್ಪಾಗಿಯೇ ಇದ್ದರೆ ಏನೋ ಕಾಡುತ್ತಿದೆ ಅಂತ ಅರ್ಥ. ನೀವು ನೋಡಿದ ವಿಡಿಯೋವನ್ನು ಇನ್ನೊಮ್ಮೆ ಹಾಕಿ, ಅದರ ಮೈ ಬಣ್ಣ ನೋಡಿ.

ಆ ಗಾಜಿನ ಪೆಟ್ಟಿಗೆ ಬೇಡ. ಬೆಳೆದ ವೇಲ್ಡ್‌ಗೆ ಕನಿಷ್ಠ 60 ಸೆಂ.ಮೀ. ಅಗಲ, ಅಷ್ಟೇ ಆಳ, 120 ಸೆಂ.ಮೀ. ಎತ್ತರದ ಜಾಲರಿ ಗೂಡು ಬೇಕು. ಗಾಳಿ ಆಡಬೇಕು. ಗೂಡನ್ನು ನೆಲದಲ್ಲಿಡದೆ ಮೇಜಿನ ಮೇಲಿಡಿ, ನಮ್ಮ ತಲೆಗಿಂತ ಎತ್ತರದಲ್ಲಿ ಕೂತರೆ ಅದಕ್ಕೆ ನೆಮ್ಮದಿ. ಒಳಗೆ ಅಡ್ಡಡ್ಡ ಕೊಂಬೆಗಳು, ಬಚ್ಚಿಟ್ಟುಕೊಳ್ಳುವಷ್ಟು ದಟ್ಟ ಎಲೆ. ದಾಸವಾಳ, ಫೈಕಸ್ ಆಗುತ್ತವೆ, ಕೀಟನಾಶಕ ಹೊಡೆದಿರಬಾರದು ಅಷ್ಟೇ. ವೇಲ್ಡ್‌ಗೆ ಎಲೆ ಕಚ್ಚುವ ಅಭ್ಯಾಸ ಇದೆ, ಅದಕ್ಕೇ ಪ್ಲಾಸ್ಟಿಕ್ ಗಿಡ ಬೇಡ ಅನ್ನುವುದು.

ದೀಪ ಎರಡು ಬೇಕು. ಒಂದು ಶಾಖಕ್ಕೆ: ಅದರ ಕೆಳಗಿನ ಕೊಂಬೆಯಲ್ಲಿ ಸುಮಾರು 29 ಡಿಗ್ರಿ ಇರಲಿ, ಗೂಡಿನ ಕೆಳಭಾಗ ತಣ್ಣಗಿರಲಿ. ಇನ್ನೊಂದು ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ ಕೊಡುವ ದೀಪ. ಇದನ್ನು ಬಿಡುವ ಹಾಗೇ ಇಲ್ಲ. ಯುವಿಬಿ ಬೆಳಕು ಚರ್ಮಕ್ಕೆ ಬಿದ್ದರೆ ಡಿ3 ವಿಟಮಿನ್ ತಯಾರಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆ ಸೇರುವುದಿಲ್ಲ. ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ. ಕಿಟಕಿ ಪಕ್ಕ ಇಟ್ಟರೆ ಬಿಸಿಲು ಬೀಳುತ್ತಲ್ಲ ಅಂತ ಕೇಳುವವರಿದ್ದಾರೆ. ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಟ್ಯೂಬ್ ಉರಿಯುತ್ತಿದ್ದರೂ ಅದರ ಯುವಿಬಿ ಕ್ರಮೇಣ ಇಳಿಯುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ರಾತ್ರಿ ಪೂರ್ತಿ ಕತ್ತಲೆ ಇರಲಿ, ಕೆಂಪು ದೀಪವೂ ಬೇಡ.

ನನ್ನ ಪ್ರಕಾರ ಹೊಸಬರು ಜಾಸ್ತಿ ಎಡವುವುದು ನೀರಿನಲ್ಲಿ. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರು ಅಂತ ಗುರುತಿಸುವುದೇ ಇಲ್ಲ. ಅದಕ್ಕೆ ಎಲೆಯ ಮೇಲಿನ ಹನಿ ಬೇಕು. ನಾನು ಬೆಳಿಗ್ಗೆ ದೀಪ ಹಾಕುವ ಮೊದಲು ಮತ್ತು ರಾತ್ರಿ ಆರಿಸಿದ ಮೇಲೆ ಸಣ್ಣ ಹನಿಯಾಗಿ ಸ್ಪ್ರೇ ಮಾಡುತ್ತೇನೆ. ಹಗಲಲ್ಲಿ ಸ್ವಲ್ಪ ಹೊತ್ತು ಒಂದು ಕೊಳವೆಯಿಂದ ಎಲೆಗಳ ಮೇಲೆ ತೊಟ್ಟಿಕ್ಕಲು ಬಿಡುತ್ತೇನೆ. ಅದು ಕುಡಿಯುವುದನ್ನು ನೋಡಲೆಂದೇ ನಾನು ಗೂಡಿನ ಮುಂದೆ ಕೂರುವುದುಂಟು. ಒಂದು ಕಣ್ಣು ಹನಿಯ ಕಡೆ ತಿರುಗುತ್ತದೆ, ಇನ್ನೊಂದು ನನ್ನ ಮೇಲೇ ಇರುತ್ತದೆ. ಆಮೇಲೆ ಎಲೆಯ ತುದಿಗೆ ಬಾಯಿ ಇಟ್ಟು, ದವಡೆಯನ್ನು ಮೆಲ್ಲಗೆ ಆಡಿಸುತ್ತಾ, ನಡುನಡುವೆ ತಲೆ ಎತ್ತಿ ನುಂಗುತ್ತದೆ. ನಾನು ಸ್ವಲ್ಪ ಅಲುಗಿದರೂ ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ನೀರು ಸಾಕಾಗುತ್ತಿದೆಯೋ ಇಲ್ಲವೋ ತಿಳಿಯಲು ಹಿಕ್ಕೆ ನೋಡಿ. ಅದರ ಜೊತೆ ಬರುವ ಯೂರೇಟ್, ಅಂದರೆ ಮೂತ್ರದ ಗಟ್ಟಿ ಭಾಗ, ಬೆಳ್ಳಗಿದ್ದರೆ ಸರಿ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಣ್ಣೂ ಗುಳಿ ಬಿದ್ದಿದ್ದರೆ ನೀರು ಕಡಿಮೆಯಾಗಿದೆ. ಹಾಗಂತ ಗೂಡನ್ನು ದಿನವಿಡೀ ತೇವವಾಗಿಡಬೇಡಿ. ಗಾಳಿಯಾಡದ ತೇವದಲ್ಲಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ.

ಊಟಕ್ಕೆ ಜೀವಂತ ಹುಳಗಳೇ ಆಗಬೇಕು. ಮಿಡತೆ, ಕ್ರಿಕೆಟ್ ಅನ್ನುವ ಕೀಟ, ಡ್ಯೂಬಿಯಾ ಜಿರಲೆ, ರೇಷ್ಮೆ ಹುಳ. ಹುಳದ ಅಗಲ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ಜಾಸ್ತಿ ಇರಬಾರದು. ಹಿಂದಿನ ದಿನವೇ ಹುಳಗಳಿಗೆ ಸೊಪ್ಪು, ಕ್ಯಾರೆಟ್ ಹಾಕಿ ಹೊಟ್ಟೆ ತುಂಬಿಸಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಉದುರಿಸಿ. ಮರಿಗೆ ದಿನಾ, ಬೆಳೆದದ್ದಕ್ಕೆ ದಿನ ಬಿಟ್ಟು ದಿನ. ಉಳಿದ ಕ್ರಿಕೆಟ್‌ಗಳನ್ನು ರಾತ್ರಿಗೆ ಮುಂಚೆ ತೆಗೆಯಿರಿ, ಮಲಗಿದ ಗೋಸುಂಬೆಯನ್ನು ಅವು ಕಚ್ಚುತ್ತವೆ. ಮಿಂಚುಹುಳ ಮಾತ್ರ ಕೊಡಲೇಬೇಡಿ, ಅದು ವಿಷ. ನಾಲಿಗೆ ಪದೇ ಪದೇ ಗುರಿ ತಪ್ಪುತ್ತಿದ್ದರೆ ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಹೊಸಬರಾದ ನಿಮಗೆ ಗಂಡೇ ವಾಸಿ. ಹೆಣ್ಣು ವೇಲ್ಡ್ ಗಂಡಿನ ಸಹವಾಸವಿಲ್ಲದೆಯೂ ಮೊಟ್ಟೆ ಇಡುತ್ತದೆ. ತೋಡಿ ಇಡಲು ಆಳವಾದ ಒದ್ದೆ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯುವುದೂ ಉಂಟು. ಅತಿಯಾಗಿ ತಿನ್ನಿಸಿದರೆ ಮೊಟ್ಟೆಗಳ ಸಂಖ್ಯೆಯೂ ಜಾಸ್ತಿ, ಅಪಾಯವೂ ಜಾಸ್ತಿ.

ಕಾಡಿನಿಂದ ಹಿಡಿದದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ. ಹೊಟ್ಟೆಯಲ್ಲಿ ಪರೋಪಜೀವಿ ಹುಳ, ಮೈಯಲ್ಲಿ ಸಾಗಣೆಯ ಆಯಾಸ, ಜೊತೆಗೆ ಹೆಚ್ಚಿನ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣವಿದೆ. ನೀವಿರುವಲ್ಲಿ ಸಾಕಲು ಅನುಮತಿ ಇದೆಯಾ, ಸರೀಸೃಪ ನೋಡುವ ಪಶುವೈದ್ಯರು ಸಿಗುತ್ತಾರಾ, ಇವೆರಡನ್ನೂ ಮೊದಲೇ ವಿಚಾರಿಸಿ. ಗೂಡು, ದೀಪ, ನೀರು ಎಲ್ಲ ಜೋಡಿಸಿ ಒಂದು ವಾರ ಖಾಲಿ ಗೂಡನ್ನೇ ನಡೆಸಿ, ಶಾಖ ಮತ್ತು ತೇವ ಅಳೆಯುತ್ತಿರಿ. ಅದು ಸ್ಥಿರವಾದ ಮೇಲೆ, ಸಾಕಣೆಯಲ್ಲೇ ಹುಟ್ಟಿದ, ಮೂರು ತಿಂಗಳು ದಾಟಿದ ಮರಿಯನ್ನು ಆರಿಸಿ. ಕೊಂಬೆಯನ್ನು ಬಿಗಿಯಾಗಿ ಹಿಡಿದಿರಬೇಕು, ಎರಡೂ ಕಣ್ಣು ಉಬ್ಬಿಕೊಂಡು ಚುರುಕಾಗಿ ಸುತ್ತುತ್ತಿರಬೇಕು. ಹಗಲಲ್ಲೇ ಕಣ್ಣು ಮುಚ್ಚಿ ಕೂತ ಮರಿಯನ್ನು ಪಾಪ ಅಂತ ಮನೆಗೆ ತರಬೇಡಿ, ಅದಕ್ಕೆ ಆಗಲೇ ಕಾಯಿಲೆ ಬಲಿತಿರುತ್ತದೆ.